ತಂತಿಯ ಕೆಲಸ ಮಳೆಗಾಲಕ್ಕೆ, ಮೈಕಿನ ಕೆಲಸ ಬೇಸಿಗೆಗೆ: ಕೊಡಗಿನ ಮನೆಯಲ್ಲಿ ಒಬ್ಬರೇ ನುಡಿಸುವ ಮೆಟಲ್ ಸಂಗೀತದ ರೆಕಾರ್ಡಿಂಗ್ ಕೋಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಮನೆಯೊಂದರಲ್ಲಿ ಮೈಕ್ ಆನ್ ಮಾಡಿದರೆ ಮೊದಲು ರೆಕಾರ್ಡ್ ಆಗುವುದು ಮಳೆ. ಹೆಂಚಿನ ಮೇಲೆ ಒಂದು ಬಗೆ, ಜಿಂಕ್ ಶೀಟಿನ ಮೇಲೆ ಇನ್ನೊಂದು ಬಗೆ. ಎರಡನ್ನೂ ಸದ್ದು ತಿದ್ದುವ ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ಪೂರ್ತಿ ತೆಗೆಯಲಾರದು. ಗೋಡೆಗೆ ಎಷ್ಟೇ ಖರ್ಚು ಮಾಡಿದರೂ ಸದ್ದು ಬರುವುದು ಛಾವಣಿಯಿಂದ. ಹಾಗಾಗಿ ಮಳೆಯನ್ನು ತಡೆಯುವ ಕೋಣೆ ಕಟ್ಟುವ ಯೋಚನೆಯನ್ನು ಇಲ್ಲಿ ಕೈಬಿಟ್ಟಿದೆ. ಬದಲಿಗೆ ಕೆಲಸವನ್ನೇ ಎರಡು ಭಾಗ ಮಾಡಿದೆ. ಗಿಟಾರ್, ಬಾಸ್, ಪ್ರೋಗ್ರಾಂ ಮಾಡಿದ ಡ್ರಮ್ ಇವೆಲ್ಲ ತಂತಿಯಲ್ಲೇ ಕಂಪ್ಯೂಟರಿಗೆ ಬರುವಂಥವು, ಮಳೆ ಇವನ್ನು ಮುಟ್ಟುವುದಿಲ್ಲ. ಗಂಟಲು, ದುಡಿ ಎಂಬ ಚರ್ಮವಾದ್ಯ, ಕೊಂಬು ಎಂಬ ಕಹಳೆ ಗಾಳಿಯಲ್ಲಿ ಬರುವಂಥವು, ಅವು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ. ಒಬ್ಬರೇ ಎಲ್ಲ ನುಡಿಸುವ ಮೆಟಲ್‌ಗೆ ಈ ವೇಳಾಪಟ್ಟಿ ಚೆನ್ನಾಗಿ ಒಗ್ಗುತ್ತದೆ. ಬ್ಯಾಂಡಿನ ನಾಲ್ಕು ಜನರನ್ನು ಒಂದೇ ದಿನ ಸೇರಿಸುವ ತಾಪತ್ರಯವಂತೂ ಇಲ್ಲ.

ಕೆಲಸದ ಕ್ರಮವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ದುಡ್ಡು ಕಡಿಮೆ ಇದ್ದರೆ ಮೊದಲು ಅರ್ಥಿಂಗ್, ಆಮೇಲೆ ತೇವ, ಆಮೇಲೆ ಗಿಟಾರ್ ಸೆಟಪ್, ಕಟ್ಟಕಡೆಗೆ ಗೋಡೆಯ ಪ್ಯಾನೆಲ್. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡಿ ಮೊದಲು ಫೋಮ್ ಅಂಟಿಸುತ್ತಾರೆ. ಮುಂದಿನ ಆಗಸ್ಟ್‌ನಲ್ಲಿ ಆ ಫೋಮಿನ ಹಿಂದೆ ಗೋಡೆಯ ತುಂಬ ಬೂಷ್ಟು.

ಕರೆಂಟು ಮತ್ತು ಅರ್ಥಿಂಗ್

ಮೆಟಲ್ ಗಿಟಾರಿನ ಒಡೆದ ಸದ್ದು, ಅಂದರೆ ಡಿಸ್ಟಾರ್ಷನ್, ಬರುವುದು ದೊಡ್ಡ ಗೇನ್‌ನಿಂದ, ಸಿಗ್ನಲನ್ನು ಬಹಳ ಹಿಗ್ಗಿಸುವುದರಿಂದ. ಕ್ಲೀನ್ ಗಿಟಾರಿನಲ್ಲಿ ಕೇಳಿಸದ ಗುಂಯ್ ಸದ್ದು ಹೈ ಗೇನ್ ಆಂಪ್‌ನಲ್ಲಿ ರಿಫ್‌ನಷ್ಟೇ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಷ್ಟೇ) ಜೋರಾಗಿ ನಿಲ್ಲುತ್ತದೆ. ಇದರ ಮೂಲ ಬಹುಪಾಲು ಮನೆಯ ವೈರಿಂಗ್‌ನಲ್ಲೇ ಇರುತ್ತದೆ.

ಮಲ್ಟಿಮೀಟರನ್ನು ಎಸಿ 750 ವೋಲ್ಟ್‌ಗೆ ಇಟ್ಟು ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಯಬೇಕು. ಫೇಸ್‌ನಿಂದ ನ್ಯೂಟ್ರಲ್‌ಗೆ 230ರ ಆಸುಪಾಸು. ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ನಿಂದ ಅರ್ಥ್‌ಗೆ 2-3 ವೋಲ್ಟ್‌ಗಿಂತ ಕಡಿಮೆ. ಫೇಸ್-ಅರ್ಥ್ ಅಳತೆ 110, 150 ಎಂದು ತೂಗಾಡುತ್ತಿದ್ದರೆ ಸಾಕೆಟ್ಟಿನ ಮೂರನೇ ತೂತು ಹೆಸರಿಗೆ ಮಾತ್ರ ಇದೆ ಎಂದರ್ಥ. ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಅಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್ ಕೆಲಸ: ಹೊಸ ಅರ್ಥ್ ಗುಂಡಿ, ಅರ್ಥ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ಬರುವಂತೆ. ಬೋರ್ಡಿಗೆ, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೂ ಅವರ ಕೈಯಲ್ಲೇ ಹಾಕಿಸಿಕೊಳ್ಳಿ.

ಇಲ್ಲೊಂದು ಮಲೆನಾಡಿನ ವಿಚಿತ್ರ ಇದೆ. ಮಳೆಗಾಲದಲ್ಲಿ ಮಣ್ಣು ನೆನೆದಿರುವುದರಿಂದ ಅರ್ಥ್ ಚೆನ್ನಾಗಿಯೇ ಇರುತ್ತದೆ. ಫೆಬ್ರವರಿ ದಾಟಿ ಮಣ್ಣು ಒಣಗಿದಾಗ ಅದರ ರೆಸಿಸ್ಟೆನ್ಸ್ ಏರುತ್ತದೆ, ಜುಲೈನಲ್ಲಿ ಇಲ್ಲದ ಹಮ್ (ಆ ಗುಂಯ್ ಸದ್ದು) ಮಾರ್ಚ್‌ನಲ್ಲಿ ಹಾಜರಾಗಬಹುದು. ಗಿಟಾರ್ ಕೆಟ್ಟಿತೆಂದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಿಸುವ ಮೊದಲು ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಬೇಕು. ಅಳತೆಯನ್ನು ಬೇಸಿಗೆಯಲ್ಲೇ ತೆಗೆಸುವುದು ಜಾಣತನ. ಮಳೆಯಲ್ಲಿ ತೆಗೆದ ಅಳತೆ ಸುಳ್ಳು ಸಮಾಧಾನ ಕೊಡುತ್ತದೆ.

ಹಮ್ ಹೋಗಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಸಲಹೆ ಇನ್ನೂ ಓಡಾಡುತ್ತಿದೆ. ಮಾಡಲೇಬೇಡಿ. ಗಿಟಾರಿನ ತಂತಿಗಳು ಆಂಪಿನ ಗ್ರೌಂಡ್‌ಗೇ ಸೇರಿರುತ್ತವೆ. ಒಳಗೆ ಒಂದು ಇನ್ಸುಲೇಶನ್ ಹೋದರೆ 230 ವೋಲ್ಟ್ ನೇರ ಎಡಗೈಗೆ, ಅದೂ ತೇವದ ನೆಲದ ಮೇಲೆ ಬರಿಗಾಲಲ್ಲಿ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಅದು ಮಾಮೂಲು, ಗಿಟಾರಿನೊಳಗೆ ತಾಮ್ರ ಹೊದಿಸುವ ಶೀಲ್ಡಿಂಗ್ ಮಾಡಿದರೆ ತಗ್ಗುತ್ತದೆ. ಮುಟ್ಟಿದಾಗ ಜಾಸ್ತಿಯಾದರೆ ಅಥವಾ ಬೆರಳು ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ ವೈರಿಂಗ್ ನೋಡಿಸಬೇಕು.

ಸದ್ದಿನ ಮೂಲ ಹುಡುಕಲು ಗಿಟಾರ್ ವಾಲ್ಯೂಮ್ ಪೂರ್ತಿ ತೆರೆದು, ತಂತಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು 30 ಸೆಕೆಂಡು ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದು ಎಂಬ ಚಿತ್ರ) ನೋಡಬೇಕು. 50, 100, 150 ಹರ್ಟ್ಸ್‌ನಲ್ಲಿ ಕಂಬ ನಿಂತಿದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ವೈರಿಂಗ್. ಕುರ್ಚಿಯನ್ನು ಕಾಲುಸುತ್ತು ತಿರುಗಿಸಿದರೆ ಏರಿಳಿಯುತ್ತದೆ. ಅದಕ್ಕಿಂತ ಮೇಲೆ ಜೇನುಗೂಡಿನಂತೆ ಝೇಂಕರಿಸಿದರೆ ಎಲ್‌ಇಡಿ ಬಲ್ಬಿನ ಡ್ರೈವರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಥವಾ ಲ್ಯಾಪ್‌ಟಾಪ್ ಚಾರ್ಜರ್. ಒಂದೊಂದಾಗಿ ಆಫ್ ಮಾಡುತ್ತ ಬನ್ನಿ, ಚಾರ್ಜರನ್ನು ಮೊದಲು ಕಿತ್ತು ನೋಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಇಂಟರ್‌ಫೇಸ್ (ಗಿಟಾರ್, ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಡಬ್ಬಿ) ಯುಎಸ್‌ಬಿ ಕರೆಂಟಿನಲ್ಲೇ ನಡೆಯುವಂಥದ್ದಾದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕರೆಂಟ್ ಹೋದರೂ ಟೇಕ್ (ನಡೆಯುತ್ತಿರುವ ರೆಕಾರ್ಡಿಂಗ್) ನಿಲ್ಲುವುದಿಲ್ಲ ಎಂಬುದು ಕೊಡಗಿನಲ್ಲಿ ಸಣ್ಣ ಲಾಭವಲ್ಲ. ಬೇರೆ ಅಡಾಪ್ಟರ್ ಬೇಡುವ ಇಂಟರ್‌ಫೇಸ್ ಇಲ್ಲಿಗೆ ಹೊಂದುವುದಿಲ್ಲ, ಅದರೊಳಗೆ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಎಷ್ಟೇ ಒಳ್ಳೆಯದಿದ್ದರೂ ಸರಿ.

ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಅದರಲ್ಲಿ ಆಂಪ್ ಹಾಕಿದಾಗ ಬರ್‍ರೆನ್ನುವ ಸದ್ದು ಖಚಿತ. ಪ್ಯೂರ್ ಸೈನ್ ವೇವ್ ಆದರೆ ತೊಂದರೆಯಿಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಮನೆಯ ಸ್ಟೆಬಿಲೈಸರ್‌ನ ರಿಲೇ ಟಕ್ ಎನ್ನುತ್ತದೆ, ಆ ಟಕ್ ಡಿಐನಲ್ಲೂ (ಆಂಪ್ ಇಲ್ಲದೆ ನೇರ ತಂತಿಯಲ್ಲಿ ಹಿಡಿದ ಗಿಟಾರ್ ಸದ್ದಿನಲ್ಲೂ) ಸೇರುತ್ತದೆ. ಇದಕ್ಕೂ ಬ್ಯಾಟರಿಯೇ ಔಷಧ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಸಂಜೆ ಸಿಡಿಲಿನ ಹೊತ್ತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಬ್ರಾಡ್‌ಬ್ಯಾಂಡಿನ ತಾಮ್ರದ ಕೇಬಲನ್ನೂ ಲ್ಯಾಪ್‌ಟಾಪ್‌ನಿಂದ ತೆಗೆಯಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಇನ್ನು ಗಿಟಾರಿನೊಳಗಿನ ಶೀಲ್ಡಿಂಗ್. 50 ಮಿಮೀ ಅಗಲದ ತಾಮ್ರದ ಟೇಪ್ ಸುಮಾರು 3 ಮೀಟರ್ ಸಾಕು. ಪಿಕಪ್ ಗುಳಿ, ಕಂಟ್ರೋಲ್ ಗುಳಿ, ಅದರ ಮುಚ್ಚಳ ಎಲ್ಲಕ್ಕೂ ಅಂಟಿಸಿ, ಒಂದು ಪಟ್ಟಿ ಇನ್ನೊಂದರ ಮೇಲೆ 5 ಮಿಮೀ ಹತ್ತುವಂತೆ ನೋಡಿಕೊಳ್ಳಬೇಕು. ಅಂಟು ಕಂಡಕ್ಟಿವ್ (ಕರೆಂಟ್ ಹರಿಸುವಂಥದ್ದು) ಎಂದು ಬರೆದಿದ್ದರೂ ನಂಬಬೇಡಿ. ನಮ್ಮ ತೇವಕ್ಕೆ ತಾಮ್ರ ಹಸಿರಾಗಿ ವರ್ಷದೊಳಗೆ ಜೋಡಣೆ ಬಿಡುತ್ತದೆ. ಪ್ರತಿ ಜೋಡಣೆಗೂ ಒಂದು ಚುಕ್ಕೆ ಬೆಸುಗೆ ಹಾಕಿ. ಕೊನೆಗೆ ಮೀಟರಿನಲ್ಲಿ ಯಾವ ಮೂಲೆಯಿಂದ ಯಾವ ಮೂಲೆಗೆ ಇಟ್ಟರೂ 1 ಓಮ್ ಒಳಗೆ ಬರಬೇಕು. ಅಲ್ಲಿಂದ ಒಂದು ವೈರ್ ಪಾಟ್‌ನ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗದ) ಬೆನ್ನಿಗೆ. ಜ್ಯಾಕ್ ಹಾಕಿದಾಗ ಅದರ ತುದಿ ಟೇಪಿಗೆ ತಗಲುತ್ತಿಲ್ಲವೇ ನೋಡಿ. ತಗಲಿದರೆ ಗಿಟಾರ್ ಪೂರ್ತಿ ಮೂಕ, ಕಾರಣ ಹೊಳೆಯದೆ ಸಂಜೆಯೆಲ್ಲ ಹಾಳಾಗುವ ಬಾಬತ್ತು ಇದು.

ತೇವ

ಬಟ್ಟೆ ಕಪಾಟಿನಲ್ಲಿ ಬಲ್ಬ್ ಉರಿಸಿಡುವ ಪದ್ಧತಿ ಇಲ್ಲಿಯ ಎಲ್ಲ ಮನೆಗಳಿಗೂ ಗೊತ್ತು. ಗಿಟಾರಿಗೂ ಅದೇ ಸಾಕು, ಡಿಹ್ಯೂಮಿಡಿಫೈಯರ್ ಕೊಳ್ಳುವ ಅಗತ್ಯವಿಲ್ಲ. ಲೆಕ್ಕ ಹೀಗೆ: 20 ಡಿಗ್ರಿಯಲ್ಲಿ ಶೇ 90 ಆರ್ದ್ರತೆ ಇರುವ ಗಾಳಿಯನ್ನು 25 ಡಿಗ್ರಿಗೆ ಬಿಸಿ ಮಾಡಿದರೆ, ನೀರಿನಂಶ ಅಷ್ಟೇ ಇದ್ದರೂ, ಸಾಪೇಕ್ಷ ಆರ್ದ್ರತೆ ಶೇ 66ಕ್ಕೆ ಇಳಿಯುತ್ತದೆ. 28 ಡಿಗ್ರಿಗೆ ಹೋದರೆ ಶೇ 56. ಮರಕ್ಕೆ ಬೇಕಾದದ್ದು ಶೇ 45ರಿಂದ 60ರ ನಡುವೆ ಎಲ್ಲೋ ಒಂದು ಕಡೆ ಕದಲದೆ ನಿಲ್ಲುವುದು. 15 ವ್ಯಾಟ್‌ನ ಫಿಲಮೆಂಟ್ ಬಲ್ಬ್ ಕಪಾಟಿನ ತಳದಲ್ಲಿ, ಸುತ್ತ ತಂತಿಬಲೆಯ ಗೂಡು, ಗಿಟಾರಿನಿಂದ ಕನಿಷ್ಠ ಎರಡು ಅಡಿ ದೂರ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಅದು ಅಷ್ಟು ಬಿಸಿಯಾಗುವುದಿಲ್ಲ. ಒಳಗೊಂದು ಡಿಜಿಟಲ್ ಹೈಗ್ರೋಮೀಟರ್ ಇಟ್ಟು, ಶೇ 45ಕ್ಕಿಂತ ಕೆಳಗೆ ಹೋದರೆ ಬಲ್ಬ್ ಆರಿಸಬೇಕು. ಜನವರಿಯಲ್ಲೂ ಮರೆತು ಉರಿಸಿದರೆ ಫ್ರೆಟ್‌ಬೋರ್ಡ್ ಒಣಗಿ ಕುಗ್ಗಿ, ಫ್ರೆಟ್ಟಿನ (ಅದರ ಮೇಲಿನ ಲೋಹದ ಪಟ್ಟಿಗಳ) ತುದಿಗಳು ಅಂಚಿನಲ್ಲಿ ಹೊರಬಂದು ಕೈ ತರಚುತ್ತವೆ.

ಮೈಕಿಗೆ ಬೇರೆ ಡಬ್ಬ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ಸಿಲಿಕಾ ಜೆಲ್, ಕಿತ್ತಳೆಯಿಂದ ಹಸಿರಿಗೆ ಬಣ್ಣ ಬದಲಿಸುವ ಬಗೆಯದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಮನೆಯ ಓವನ್‌ನಲ್ಲಿ ಬಿಸಿ ಮಾಡುವಂಥದ್ದಲ್ಲ. ಹಸಿರಾದ ಮೇಲೆ 110-120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ಕಂಡೆನ್ಸರ್ ಮೈಕ್ ಮಳೆಗಾಲದಲ್ಲಿ ಪಟಪಟ ಸಿಡಿದರೆ ಕೆಟ್ಟಿತೆಂದು ಗಾಬರಿ ಬೇಡ. ಅದರ ಕ್ಯಾಪ್ಸೂಲ್‌ನ ಇಂಪೀಡೆನ್ಸ್ ವಿಪರೀತ ಹೆಚ್ಚು, ಮೇಲ್ಮೈಯ ತೇವದ ಪದರದಲ್ಲಿ ಚಾರ್ಜ್ ಸೋರಿದಾಗ ಆ ಸದ್ದು ಬರುತ್ತದೆ. ಡಬ್ಬದಲ್ಲಿ ಒಂದು ದಿನ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡೈನಮಿಕ್ ಮೈಕಿಗೆ ಈ ಕಾಟ ಇಲ್ಲ. 1965ರ ಶೂರ್ ಎಸ್‌ಎಂ57, ಮರುವರ್ಷದ ಎಸ್‌ಎಂ58 ಇವತ್ತಿಗೂ ಮಾರಾಟದಲ್ಲಿವೆ. ಕೊಡಗಿಗೆ ಒಂದೇ ಮೈಕ್ ಎಂದರೆ ಅವೆರಡರಲ್ಲಿ ಒಂದು.

ತಂತಿಗಳಿಗೆ ನುಡಿಸಿದ ಮೇಲೆ ಒಣಬಟ್ಟೆ, ಅದರಲ್ಲೂ ತಂತಿಯ ಕೆಳಭಾಗಕ್ಕೆ. ಸುತ್ತು ತಂತಿಯ ಒಳಗಿನ ಉಕ್ಕು ತುಕ್ಕು ಹಿಡಿದರೆ ಕಣ್ಣಿಗೆ ಕಾಣದು, ಇಂಟೋನೇಶನ್ (ಎಲ್ಲ ಫ್ರೆಟ್‌ನಲ್ಲೂ ಸುತಿ ಸರಿಯಿರುವುದು) ಕೂರದಿದ್ದಾಗಲೇ ಗೊತ್ತಾಗುವುದು. ಕೋಟಿಂಗ್ ಇರುವ ತಂತಿಗೆ ಕೊಡುವ ಹೆಚ್ಚಿನ ದುಡ್ಡು ಇಲ್ಲಿ ದಂಡವಲ್ಲ. ಪಾಟ್ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿ.

ಗಿಟಾರ್

ಟ್ಯೂನಿಂಗ್ ಡ್ರಾಪ್ ಸಿ (ಕೆಳತಂತಿ ಸಿ ಸ್ವರಕ್ಕೆ), ಸ್ಕೇಲ್ (ತಂತಿ ಮಿಡಿಯುವ ಉದ್ದ) 25.5 ಇಂಚು, ತಂತಿಯ ದಪ್ಪ 11-56 (ಇಂಚಿನ ಸಾವಿರದ ಭಾಗದಲ್ಲಿ). ದಪ್ಪ ತಂತಿ ಹಾಕಿದ ಮೇಲೆ ನಟ್‌ನ (ತಲೆಯ ಕಡೆ ತಂತಿ ಕೂರುವ ಪಟ್ಟಿಯ) ಸೀಳು ಸಾಲದೆ ತಂತಿ ಕಚ್ಚಿಕೊಳ್ಳುತ್ತದೆ, ಬಗ್ಗಿಸಿದಾಗ ಟಿಂಗ್ ಎಂದು ಜಾರಿ ಸುತಿ ಹೋಗುತ್ತದೆ. ನಟ್ ಫೈಲ್‌ನಿಂದ ಅಗಲ ಮಾತ್ರ ಹೆಚ್ಚಿಸಬೇಕು, ಆಳ ಮುಟ್ಟಬಾರದು. ಪೆನ್ಸಿಲಿನ ಸೀಸದ ಪುಡಿ ಸ್ವಲ್ಪ ಹಾಕಿದರೆ ನಯವಾಗುತ್ತದೆ.

ನೆಕ್ ನೋಡಲು ಮೊದಲ ಫ್ರೆಟ್‌ಗೆ ಕೇಪೋ ಕ್ಲಿಪ್ ಹಾಕಿ, ಬಾಡಿ ಸೇರುವ ಕಡೆಯ ಫ್ರೆಟ್ ಒತ್ತಿ ಹಿಡಿದು, 7-8ನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ನಡುವಿನ ಸಂದಿ ಅಳೆಯಬೇಕು: 0.20ರಿಂದ 0.25 ಮಿಮೀ. ನೆಕ್ಕಿನೊಳಗಿನ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಒಂದು ಸಲಕ್ಕೆ ಕಾಲುಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಈ ಕೆಲಸ ವರ್ಷಕ್ಕೆ ಎರಡು ಸಲ ಬರುತ್ತದೆ, ಮಳೆ ಹಿಡಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ಹಾಡಿನ ಅರ್ಧ ಜೂನ್‌ನಲ್ಲಿ, ಇನ್ನರ್ಧ ನವೆಂಬರ್‌ನಲ್ಲಿ ಎಂದು ರಿದಮ್ ಟ್ರ್ಯಾಕ್ ಹಂಚಬಾರದು. ಸೆಟಪ್ ಬದಲಾದರೆ ಪಿಕ್ಕಿನ ಏಟೇ ಬದಲಾಗುತ್ತದೆ, ಇಕ್ವಲೈಸರ್‌ನಲ್ಲಿ ಅದನ್ನು ಮುಚ್ಚಲಾಗದು.

ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತಿರಲಿ. ಆಗ ಇನ್‌ಪುಟ್ ಇಂಪೀಡೆನ್ಸ್ 1 ಮೆಗಾಓಮ್ ಸುತ್ತ ಬರುತ್ತದೆ. ಮರೆತು ಲೈನ್‌ನಲ್ಲಿ ಬಿಟ್ಟರೆ ಮೇಲಿನ ಸ್ವರಗಳು ಮಂಕು, ಯಾವ ಆಂಪ್ ಸಿಮ್ಯುಲೇಟರ್ ಹಾಕಿದರೂ ಕಂಬಳಿ ಹೊದ್ದಂತೆ. ಅತಿ ಜೋರಾದ ಪಾಮ್ ಮ್ಯೂಟ್ (ಅಂಗೈಯಂಚಿನಲ್ಲಿ ತಂತಿ ಒತ್ತಿ ಮೀಟಿದ ಏಟು) ಮೈನಸ್ 12 ಡಿಬಿ ಆಸುಪಾಸಿಗೆ ಮುಟ್ಟುವಷ್ಟು ಗೇನ್. 24 ಬಿಟ್, 48 ಕಿಲೋಹರ್ಟ್ಸ್. ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಂಡು) 128 ಸ್ಯಾಂಪಲ್ ಇಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡು, ಹೋಗಿಬರುವ ಒಟ್ಟು ವಿಳಂಬ ಡ್ರೈವರ್ ಮೇಲೆ ನಿಂತಿದೆ. ಸದ್ದು ಪಟಪಟ ಸಿಡಿದರೆ ವೈಫೈ ಆಫ್ ಮಾಡಿ ನೋಡಿ, ಆಮೇಲೆ 256. ಮಿಕ್ಸ್ ಮಾಡುವಾಗ 1024.

ಟೋನ್ ವಿಷಯಕ್ಕೆ ಬಂದರೆ ಜನ ಹೆಚ್ಚು ಮಾತಾಡುತ್ತಾರೆ, ಇರುವುದು ಕಡಿಮೆ. ಡೆತ್ ಮತ್ತು ಥ್ರ್ಯಾಷ್ ಬಗೆಯ ಮೆಟಲ್‌ಗೆ ಆಂಪಿನ ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್, ಡ್ರೈವ್ ಸೊನ್ನೆ, ಟೋನ್ ನಡುವೆ, ಲೆವೆಲ್ ಮುಕ್ಕಾಲಿಗೆ ಮೇಲೆ. ಅದು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಕ್ರಮೇಣ ಇಳಿಸುತ್ತದೆ. ಆಂಪ್ ಕ್ಲಿಪ್ ಆಗುವ (ಸದ್ದು ಒಡೆಯುವ) ಮೊದಲೇ ಕೆಳಸ್ವರ ಕಡಿಮೆಯಾದರೆ ಪಾಮ್ ಮ್ಯೂಟ್ ಗಟ್ಟಿಯಾಗುತ್ತದೆ. ಕ್ಲಿಪ್ ಆದ ಮೇಲೆ ಕತ್ತರಿಸಿದರೆ ಬರಿ ತೆಳ್ಳಗಾಗುತ್ತದೆ. ಸ್ಟಾಕ್‌ಹೋಮ್‌ನ ಗರಗಸದ ಸದ್ದು (ಸ್ವೀಡನ್ನಿನ ಡೆತ್ ಮೆಟಲ್‌ನದು) ಬೇಕಿದ್ದರೆ ಬಾಸ್ (Boss) ಕಂಪನಿಯ ಎಚ್‌ಎಂ-2. 1983ರಿಂದ 1991ರವರೆಗೆ ತಯಾರಾದ ಪೆಡಲ್, 2020ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ನಾಲ್ಕೂ ಗುಂಡಿ ಪೂರ್ತಿ ಬಲಕ್ಕೆ, ಆಂಪಿನ ಗೇನ್ ಕಡಿಮೆ, ಸ್ಕ್ರೀಮರ್ ಬೇಡ. ಬ್ಲ್ಯಾಕ್ ಮೆಟಲ್‌ಗೂ ಸ್ಕ್ರೀಮರ್ ಬೇಡ, ಒಂದೇ ಸಮನೆ ವೇಗವಾಗಿ ಮೀಟುವ ಟ್ರೆಮೊಲೊ ಪಿಕಿಂಗ್‌ನಲ್ಲಿ ತೆರೆದ ಸ್ವರಮೇಳ ಬಿಡಿಬಿಡಿಯಾಗಿ ಕೇಳಬೇಕಾದರೆ ಗೇನ್ ಇನ್ನೂ ಇಳಿಸಬೇಕು. ಯಾವ ಬಗೆಯಾದರೂ ಸರಿ, ಒಬ್ಬರೇ ಕೂತು ನುಡಿಸುವಾಗ ಹಿತವೆನಿಸುವ ಗೇನ್‌ಗಿಂತ ಮೂರನೇ ಒಂದು ಭಾಗ ಕಡಿಮೆ ಇಡಿ. ಎಡಬಲ ಎರಡು ಗಿಟಾರ್ ಸೇರಿದಾಗ ಅದೇ ಭರ್ತಿಯಾಗುತ್ತದೆ.

ಆಂಪ್‌ನ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್ ನ್ಯೂರಲ್ ಆಂಪ್ ಮಾಡೆಲರ್ ಉಚಿತ, ಓಪನ್ ಸೋರ್ಸ್, ಇದಕ್ಕೆಲ್ಲ ಸಾಕು. ಕ್ಯಾಬಿನೆಟ್‌ಗೆ ಒಂದೇ ಇಂಪಲ್ಸ್ ಫೈಲ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಅಚ್ಚು) ಆರಿಸಿ ನಿಲ್ಲಿಸಿಬಿಡಿ. ಎರಡು ಬೆರೆಸಿದರೆ ಫೇಸ್ ಹೊಂದದೆ ನಡುವಿನ ಸ್ವರ ಟೊಳ್ಳಾಗುತ್ತದೆ. ಒಂದರ ಪೊಲಾರಿಟಿ ತಿರುಗಿಸಿ ಮೋನೋದಲ್ಲಿ ಕೇಳಿದರೆ ತಿಳಿಯುತ್ತದೆ. ನುಡಿಸದಾಗ ಗದ್ದಲ ಮುಚ್ಚುವ ನಾಯ್ಸ್ ಗೇಟ್ ಆಂಪ್‌ನ ನಂತರ ಇದ್ದರೂ ಅದನ್ನು ತೆರೆದು ಮುಚ್ಚುವ ಕೀ ಸಿಗ್ನಲ್ ಮಾತ್ರ ಆಂಪಿಗೆ ಹೋಗುವ ಮೊದಲಿನ ಡಿಐನಿಂದಲೇ ತೆಗೆದುಕೊಳ್ಳಬೇಕು. ಡಿಸ್ಟಾರ್ಷನ್ ಆದ ಮೇಲೆ ಸ್ವರಕ್ಕೂ ಗದ್ದಲಕ್ಕೂ ಜೋರಿನ ವ್ಯತ್ಯಾಸ ಹೆಚ್ಚು ಉಳಿದಿರುವುದಿಲ್ಲ. ಅಟ್ಯಾಕ್ (ತೆರೆಯಲು) 1, ಹೋಲ್ಡ್ (ತೆರೆದಿರಲು) 25, ರಿಲೀಸ್ (ಮುಚ್ಚಲು) 60 ಮಿಲಿಸೆಕೆಂಡಿನಿಂದ ಶುರು ಮಾಡಿ.

ಎಡಕ್ಕೊಂದು ಬಲಕ್ಕೊಂದು ಎರಡು ಬೇರೆ ಬೇರೆ ಟೇಕ್ ನುಡಿಸಲೇಬೇಕು. ಒಂದೇ ಟೇಕನ್ನು ನಕಲು ಮಾಡಿ 15 ಮಿಲಿಸೆಕೆಂಡು ಹಿಂದೆ ತಳ್ಳಿದರೆ ಹೆಡ್‌ಫೋನಿನಲ್ಲಿ ಅಗಲ ಕೇಳುತ್ತದೆ, ಫೋನಿನ ಸ್ಪೀಕರಿನಲ್ಲಿ ಎರಡೂ ಸೇರಿದ ಕೂಡಲೇ ಬಕೆಟ್ಟಿನೊಳಗಿನ ದನಿ. ಎಡಿಟ್ ಮಾಡುವುದಿದ್ದರೆ ಡಿಐ ಮೇಲೇ, ಪಿಕ್ ತಗಲುವ ಕೂದಲೆಳೆ ಮೊದಲು ಕತ್ತರಿಸಿ, 5 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಹಾಕಿ ಬೆಸೆಯಿರಿ. ಪ್ರತಿ ಟೇಕ್‌ಗೂ ಮುಂಚೆ ಟ್ಯೂನ್. ಮೀಟಿದ ಕ್ಷಣದ ಸುತಿ ಮತ್ತು ಅದು ಇಳಿದು ನಿಂತ ಸುತಿ ಬೇರೆಯಾಗಿರುತ್ತವೆ. ರಿಫ್ ನುಡಿಸುವಷ್ಟೇ ಬಲವಾಗಿ ಮೀಟಿ, ಮೀಟಿದ ಕ್ಷಣಕ್ಕೆ ಟ್ಯೂನ್ ಮಾಡಿ.

ಬಾಸ್ ಗಿಟಾರ್ ಬೇಗ ಮುಗಿಯುತ್ತದೆ. ಕೆಳಗಿನ ಸಿ 32.7 ಹರ್ಟ್ಸ್, ಮಾಮೂಲು 45-105 ಸೆಟ್ ಅಲ್ಲಿ ಜೋತುಬೀಳುತ್ತದೆ, 5 ತಂತಿಯ ಸೆಟ್‌ನಿಂದ ದಪ್ಪದ್ದು ಹಾಕಿ. ಟ್ರ್ಯಾಕನ್ನು ಎರಡು ಮಾಡಿ: 200 ಹರ್ಟ್ಸ್‌ಗಿಂತ ಕೆಳಗಿನದು ಕ್ಲೀನ್, ಬಿಗಿಯಾದ ಕಂಪ್ರೆಷನ್ (ಜೋರು-ಮೆತ್ತನೆಯ ಅಂತರ ತಗ್ಗಿಸುವುದು), ಮೇಲಿನದಕ್ಕೆ ಡಿಸ್ಟಾರ್ಷನ್. ಮೆಟಲ್‌ನಲ್ಲಿ ಗಿಟಾರ್ ದಪ್ಪ ಎನಿಸುವುದರಲ್ಲಿ ಅರ್ಧ ಪಾಲು ಈ ಎರಡನೆಯ ಟ್ರ್ಯಾಕಿನದು.

ಡ್ರಮ್

ಡ್ರಮ್ ಸಾಫ್ಟ್‌ವೇರ್ ಎಂದರೆ ಎಂಟಿ ಪವರ್ ಡ್ರಮ್‌ಕಿಟ್ ಅಥವಾ ಡ್ರಮ್‌ಗಿಜ್ಮೋ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ತೊಂದರೆ ಸ್ಯಾಂಪಲ್‌ನಲ್ಲಿಲ್ಲ, ಬರೆಯುವ ರೀತಿಯಲ್ಲಿದೆ. 220 ಬಿಪಿಎಂನಲ್ಲಿ ಬ್ಲಾಸ್ಟ್ ಬೀಟ್ ಎಂದರೆ ಕಿಕ್ (ಕಾಲಿನ ಡ್ರಮ್) ಮತ್ತು ಸ್ನೇರ್ (ಕೈಯ ಚಿಕ್ಕ ಡ್ರಮ್) ಒಂದಾದ ಮೇಲೊಂದು 68 ಮಿಲಿಸೆಕೆಂಡಿಗೆ ಬೀಳುತ್ತವೆ, ಸ್ನೇರ್‌ನಿಂದ ಸ್ನೇರ್‌ಗೆ 136. ಎಲ್ಲ ಏಟಿಗೂ ವೆಲಾಸಿಟಿ (ಏಟಿನ ಬಲ) ಗರಿಷ್ಠ 127 ಕೊಟ್ಟರೆ ಹೊಲಿಗೆ ಯಂತ್ರ. ಆ ವೇಗದಲ್ಲಿ ಯಾವ ಮನುಷ್ಯನೂ ಪೂರ್ತಿ ಕೈಯೆತ್ತಿ ಹೊಡೆಯಲಾರ, ಆದ್ದರಿಂದ ಸ್ನೇರ್ 95ರಿಂದ 110ರ ನಡುವೆ ಇರಲಿ, ಬಾರಿನ ಮೊದಲ ಏಟು ಮಾತ್ರ 120. ಸಮಯದಲ್ಲಿ ಹೆಚ್ಚೆಂದರೆ 4 ಮಿಲಿಸೆಕೆಂಡು ಆಚೀಚೆ. ಸ್ನೇರ್‌ನ ಬಾಲ 136 ಮಿಲಿಸೆಕೆಂಡಿಗಿಂತ ಉದ್ದವಿದ್ದರೆ ಒಂದರ ಮೇಲೊಂದು ಬಿದ್ದು ಮಳೆಯ ಸದ್ದೇ ಆಗುತ್ತದೆ, ಆ ಬಾಲವನ್ನು (ಡಿಕೇ) ಕತ್ತರಿಸಿ. ನಿಧಾನದ ಭಾಗಕ್ಕೆ ಬಂದಾಗ ಮತ್ತೆ ಉದ್ದದ ಸ್ನೇರ್, ಅದಕ್ಕೊಂದು ಬೇರೆ ಟ್ರ್ಯಾಕ್. ಎರಡು ಕೈಯಿರುವ ಮನುಷ್ಯ ಒಂದೇ ಕ್ಷಣದಲ್ಲಿ ಸ್ನೇರ್, ಹೈಹ್ಯಾಟ್, ಕ್ರ್ಯಾಶ್ ಮೂರನ್ನೂ ಹೊಡೆಯಲಾರ ಎಂಬುದನ್ನು ಬರೆದು ಗೋಡೆಗೆ ಅಂಟಿಸಿ.

ದುಡಿ ಸೇರಿಸುವ ಆಸೆ ಕೊಡಗಿನಲ್ಲಿ ಮೆಟಲ್ ಮಾಡುವ ಎಲ್ಲರಿಗೂ ಒಮ್ಮೆ ಬರುತ್ತದೆ. ಬ್ಲಾಸ್ಟ್ ಬೀಟ್‌ನ ಕೆಳಗೆ ಅದು ಮುಳುಗುತ್ತದೆ, ಹಾಕಬೇಡಿ. ಆರಂಭದಲ್ಲಿ ಅಥವಾ ಅರ್ಧ ವೇಗದ ರಿಫ್‌ನಲ್ಲಿ ಜಾಗ ಬಿಟ್ಟರೆ ಮಾತ್ರ ಅದರ ಸ್ವರದ ಏರಿಳಿತ ಕೇಳಿಸುತ್ತದೆ. ಚರ್ಮ ತೇವಕ್ಕೆ ಸಡಿಲವಾಗುವುದರಿಂದ ಸುಗ್ಗಿ ಹಬ್ಬ ಹುತ್ತರಿಯ ನಂತರದ ಒಣ ದಿನಗಳೇ ಸರಿ. ಎಸ್‌ಎಂ57 ಚರ್ಮದಿಂದ ನಾಲ್ಕು ಬೆರಳು ದೂರ, ಓರೆಯಾಗಿ. ಕೊಂಬು ಹಿತ್ತಾಳೆ, ಭಾರೀ ಜೋರು, 6 ಅಡಿ ದೂರವಿರಲಿ, ಬಾಯಿಗೆ ನೇರ ಬೇಡ. ಹಲವು ಬಡಿತಗಳು ನಿರ್ದಿಷ್ಟ ಹಬ್ಬಕ್ಕೆ, ಕೆಲವು ಸಾವಿನ ಮನೆಗೆ ಸೇರಿದವು. ಯಾವುದನ್ನು ಎಲ್ಲಿ ಬಳಸಬಹುದೆಂದು ನುಡಿಸುವವರನ್ನೇ ಕೇಳಿ, ಹೆಸರು ಹಾಕಿ, ಸಂಭಾವನೆ ಕೊಡಿ.

ಪ್ಯಾನೆಲ್

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, ಹಲಗೆಯ ಮುಚ್ಚಿಗೆಗೆ 9 ಅಡಿ. ಇಂಥ ಕೋಣೆ 47, 56 ಮತ್ತು 63 ಹರ್ಟ್ಸ್‌ನಲ್ಲಿ ತಾನೇ ಮೊಳಗುತ್ತದೆ. ಡ್ರಾಪ್ ಸಿಯ ಕೆಳತಂತಿ 65.4, ಬಿ ಟ್ಯೂನಿಂಗ್‌ನದು 61.7. ಅಂದರೆ ಪಾಮ್ ಮ್ಯೂಟ್ ಕೂರುವ ಜಾಗದಲ್ಲೇ ಕೋಣೆ ಸುಳ್ಳು ಹೇಳುತ್ತದೆ. ಕೆಳಗೆ ಬರೆದ ಪ್ಯಾನೆಲ್ ಇದನ್ನು ಸರಿಪಡಿಸುವುದಿಲ್ಲ. ಅದಕ್ಕೆ ಅಡಿಗಟ್ಟಲೆ ದಪ್ಪ ಬೇಕು. ಕೆಳಸ್ವರದ ತೀರ್ಮಾನವನ್ನು ಹೆಡ್‌ಫೋನಿಗೇ ಬಿಡುವುದು ಸರಿ. ಪ್ಯಾನೆಲ್ ಇರುವುದು ಮೈಕ್ ಟೇಕ್‌ನಲ್ಲಿ ಗೋಡೆಯ ಪ್ರತಿಧ್ವನಿ ಕಡಿಮೆ ಮಾಡಲು.

ಆರು ಪ್ಯಾನೆಲ್‌ಗೆ ಬೇಕಾದದ್ದು: ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರು) ಸ್ಲ್ಯಾಬ್ 12, ಒಂದೊಂದೂ 1200 ಗುಣಿಸು 600 ಮಿಮೀ, 50 ಮಿಮೀ ದಪ್ಪ, ಸಾಂದ್ರತೆ ಘನ ಮೀಟರಿಗೆ 48 ಕೆಜಿ. 125 ಮಿಮೀ ಅಗಲ, 25 ಮಿಮೀ ದಪ್ಪದ ಹಲಗೆ ಸುಮಾರು 80 ಅಡಿ. ತೋಟದ ಸಿಲ್ವರ್ ಓಕ್ ಆದರೆ ಅಗ್ಗ, ಹಗುರ, ಆದರೆ ಹುಳು ಬೇಗ ಬೀಳುತ್ತದೆ, ಬೋರಾಕ್ಸ್-ಬೋರಿಕ್ ದ್ರಾವಣ ಹಚ್ಚಿ ಒಣಗಿಸಿ. ಒಂದು ಚೌಕಟ್ಟಿಗೆ 1250 ಮಿಮೀ ಎರಡು, 600 ಮಿಮೀ ಎರಡು ತುಂಡು. ಗಿಡ್ಡವು ಉದ್ದದವುಗಳ ನಡುವೆ. ಎರಡು ಸ್ಲ್ಯಾಬ್ ಒಂದರ ಮೇಲೊಂದು, ಮುಂದೆ ಗೋಣಿಬಟ್ಟೆ. ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗಬೇಕು. ಕಾಫಿ ತುಂಬಿದ್ದ ಹಳೆಯ ಚೀಲ ಬೇಡ, ಅದರೊಂದಿಗೆ ಬೂಷ್ಟೂ ಬರುತ್ತದೆ. ಕೈಗವಸು, ಎನ್95 ಮಾಸ್ಕ್ ಇಲ್ಲದೆ ರಾಕ್‌ವೂಲ್ ಕತ್ತರಿಸಬೇಡಿ.

ಗೋಡೆಯಿಂದ 100 ಮಿಮೀ ಬಿಟ್ಟು ತೂಗುಹಾಕಬೇಕು. ಆ ಸಂದಿಯಿಂದ ಪ್ಯಾನೆಲ್ ಇನ್ನೂ ಕೆಳಗಿನ ಸ್ವರ ಹೀರುತ್ತದೆ. ಜೊತೆಗೆ ಗಾಳಿಯಾಡಿ ಗೋಡೆ ಒಣಗಿರುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ಏನನ್ನೂ ತಾಗಿಸಿ ಇಡಬೇಡಿ. ಎರಡು ಪ್ಯಾನೆಲ್ ಮೇಜಿನ ಹಿಂದಿನ ಮೂಲೆಗಳಿಗೆ, ಎರಡು ಪಕ್ಕದ ಗೋಡೆಗೆ, ಎರಡು ಬೆನ್ನ ಹಿಂದೆ. ಮೇಜು 10 ಅಡಿಯ ಗೋಡೆಯ ಕಡೆ, ಕಿವಿ ಆ ಗೋಡೆಯಿಂದ ನಾಲ್ಕೂವರೆ ಅಡಿಯಲ್ಲಿ.

ಗಂಟಲು

ಕಿರುಚಲು ಈ ಕೋಣೆಗಿಂತ ಒಳ್ಳೆಯ ಜಾಗ ತೋಟದವರ ಬಳಿ ಪುಕ್ಕಟೆ ಇದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಅದರ ಹಿಂದೆಯೇ. ಜನವರಿ-ಫೆಬ್ರವರಿಗೆ ಗೋಡೌನ್‌ನಲ್ಲಿ ಚೀಲಗಳು ಆಳೆತ್ತರ ಏರಿರುತ್ತವೆ. ಕಾಳು ತುಂಬಿದ ಗೋಣಿಚೀಲದ ಅಟ್ಟಿ ದಪ್ಪದ ಹೀರುಗೋಡೆ, ಯಾವ ಫೋಮೂ ಅದರ ಮುಂದೆ ನಿಲ್ಲದು. ಮಳೆಯೂ ಇಲ್ಲದ ಕಾಲ. ಅಟ್ಟಿಗಳ ನಡುವಿನ ಓಣಿಯಲ್ಲಿ ನಿಂತುಕೊಳ್ಳಿ. ಆದರೆ ಯಾವ ಕಡೆ ಮುಖ ಎಂಬುದರಲ್ಲಿ ಜನ ಎಡವುತ್ತಾರೆ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಬಹಳ ಕಡಿಮೆ ಹಿಡಿಯುತ್ತದೆ, ಅದು ನೋಡುತ್ತಿರುವುದು ಹಾಡುವವರ ಬೆನ್ನ ಹಿಂದಿನ ಗೋಡೆಯನ್ನು. ಚೀಲದ ಅಟ್ಟಿ ಇರಬೇಕಾದದ್ದು ಹಾಡುವವರ ಹಿಂದೆ. ಬಾಗಿಲು, ಖಾಲಿ ಗೋಡೆ ಮೈಕಿನ ಹಿಂದೆ ಇದ್ದರೂ ನಡೆಯುತ್ತದೆ.

ಅಲ್ಲಿಗೆ ಲ್ಯಾಪ್‌ಟಾಪ್, ಯುಎಸ್‌ಬಿ ಇಂಟರ್‌ಫೇಸ್, ಮೈಕ್, 10 ಮೀಟರ್ ಎಕ್ಸ್‌ಎಲ್‌ಆರ್ ಮೈಕ್ ಕೇಬಲ್ ಮಾತ್ರ. ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯಬೇಡಿ. ಸಿಗರೇಟು, ಅಗರಬತ್ತಿ, ಒದ್ದೆ ಕೊಡೆ ಒಳಗೆ ಬೇಡ: ಕಾಫಿ ವಾಸನೆಯನ್ನೂ ತೇವವನ್ನೂ ಹೀರುತ್ತದೆ, ಚೀಲದ ಒಡೆಯರು ಮತ್ತೆ ಒಳಗೆ ಬಿಡುವುದಿಲ್ಲ. ಸಂಜೆ ಜೀರುಂಡೆ ಶುರುವಾದ ಮೇಲೆ ಟೇಕ್ ಬೇಡ. ಅವುಗಳ ಕೂಗು ಕೂರುವುದು ಗಂಟಲಿನ ಸ್ಪಷ್ಟತೆ ಇರುವ ಕಿಲೋಹರ್ಟ್ಸ್‌ಗಳಲ್ಲೇ, ಕಂಪ್ರೆಸರ್ ಅದನ್ನು ಇನ್ನೂ ಮೇಲೆತ್ತುತ್ತದೆ. ಆನೆ ಓಡಾಡುವ ತೋಟವಾದರೆ ಕತ್ತಲಾದ ಮೇಲೆ ಗೋಡೌನ್‌ನಿಂದ ಮನೆಗೆ ನಡೆಯುವ ಪ್ರಶ್ನೆಯೂ ಇದೆ. ಬೆಳಿಗ್ಗೆ ಹನ್ನೊಂದರಿಂದ ಮೂರು ಗಂಟೆ ಒಳ್ಳೆಯ ಹೊತ್ತು.

ಬಾಯಿಗೂ ಮೈಕಿಗೂ 2-3 ಇಂಚು. ವೇದಿಕೆಯಲ್ಲಿ ಮಾಡುವಂತೆ ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿದರೆ ಹಿಂದಿನ ಕಿಂಡಿಗಳು ಮುಚ್ಚಿ, ಕಾರ್ಡಿಯಾಯ್ಡ್ ಸ್ವಭಾವವೇ ಹೋಗುತ್ತದೆ. ದನಿ ಮೂಗಿನಲ್ಲಿ ಬಂದಂತೆ ದಪ್ಪವಾಗುತ್ತದೆ. ಸ್ಟ್ಯಾಂಡ್ ಬಳಸಿ. ಈ ದನಿಗೆ ಪ್ರೀಆಂಪ್‌ನ ಗೇನ್ ಹೆಚ್ಚೇನೂ ಬೇಡ, ಬೂಸ್ಟರ್ ಡಬ್ಬಿಗೆ ದುಡ್ಡು ಹಾಕಬೇಡಿ. ಒಂದು ಸಲಕ್ಕೆ 30-40 ನಿಮಿಷ. ನೋವು ಬಂದರೆ ಅಲ್ಲಿಗೇ ಮುಗಿಸಿ, ಸರಿಯಾದ ಫಾಲ್ಸ್ ಕಾರ್ಡ್ ತಂತ್ರದಲ್ಲಿ (ದನಿತಂತುಗಳ ಮೇಲಿನ ಮಡಿಕೆಗಳಿಂದ ಕಿರುಚುವುದು) ನೋವು ಬರಬಾರದು. ಮಿಕ್ಸ್‌ನಲ್ಲಿ 110 ಹರ್ಟ್ಸ್‌ನ ಕೆಳಗೆ ಕತ್ತರಿಸಿ, ಮೊದಲು ವೇಗದ 8:1 ಕಂಪ್ರೆಸರ್, ಹಿಂದೆ ನಿಧಾನದ 3:1, ಕಡೆಗೆ ಸಕಾರದ ಸೀಟಿ ತಗ್ಗಿಸುವ ಡೀಎಸ್ಸರ್.

ಮಿಕ್ಸ್ ಮತ್ತು ಫೈಲ್

ರೆಕಾರ್ಡಿಂಗ್, ಮಿಕ್ಸಿಂಗ್ ಸಾಫ್ಟ್‌ವೇರ್ ಆಗಿ ರೀಪರ್ ಸಾಕು. ಗಿಟಾರ್ ಗುಂಪಿಗೆ ಕೆಳಗೆ 90, ಮೇಲೆ 9000 ಹರ್ಟ್ಸ್‌ನಲ್ಲಿ ಫಿಲ್ಟರ್. ಪಾಮ್ ಮ್ಯೂಟ್ ಉಬ್ಬುವ 120-200 ಹರ್ಟ್ಸ್‌ಗೆ ಮಾತ್ರ ಮಲ್ಟಿಬ್ಯಾಂಡ್ ಕಂಪ್ರೆಸರ್. 2.5ರಿಂದ 4 ಕಿಲೋಹರ್ಟ್ಸ್‌ನಲ್ಲಿ ಕಿವಿ ಚುಚ್ಚುವ ಒಂದು ಮೊಳೆ ಸಿಗುತ್ತದೆ, ಸಣ್ಣಗೆ 3 ಡಿಬಿ ಇಳಿಸಿ, ಹತ್ತು ಕಡೆ ತೂತು ಕೊರೆಯಬೇಡಿ.

ಒರಟು ಹಳೆಯ ಸದ್ದು ಬೇಕೆನ್ನುವವರು ಕೆಟ್ಟದಾಗಿ ರೆಕಾರ್ಡ್ ಮಾಡಬೇಕಿಲ್ಲ. ಟಿಯಾಕ್‌ನ ಪೋರ್ಟಾಸ್ಟುಡಿಯೋ 144, 1979ರಲ್ಲಿ ಬಂದದ್ದು, ಮಾಮೂಲು ಕ್ಯಾಸೆಟ್‌ನಲ್ಲಿ ನಾಲ್ಕು ಟ್ರ್ಯಾಕ್ ಕೊಟ್ಟಿತು. ಸ್ವೀಡನ್ನಿನ ಬ್ಲ್ಯಾಕ್ ಮೆಟಲ್ ಬ್ಯಾಂಡ್ ಬಾಥೊರಿಯ ಕ್ವೊರ್ಥಾನ್ ಸ್ಟಾಕ್‌ಹೋಮ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದ. ಆ ಒರಟು ಸದ್ದು ಅಂದಿನವರ ಕೈಲಿದ್ದ ಸಾಮಾನು ಕೊಟ್ಟ ಮಿತಿ. ಈಗ ಸ್ವಚ್ಛ ಡಿಐ ಇಟ್ಟುಕೊಂಡು ಟೇಪಿನ ಕೊಳೆಯನ್ನು ಕಡೆಗೆ ಹಚ್ಚಬಹುದು, ಬೇಡವಾದರೆ ತೆಗೆಯಬಹುದು. ಕೊಳೆಯಾಗಿಯೇ ರೆಕಾರ್ಡ್ ಮಾಡಿದ್ದನ್ನು ತೊಳೆಯಲಾಗದು.

ಮಾಸ್ಟರಿನ (ಕೊನೆಯ ಫೈಲಿನ) ಟ್ರೂ ಪೀಕ್, ಅಂದರೆ ಅತಿ ಎತ್ತರದ ಬಿಂದು, ಮೈನಸ್ 1 ಡಿಬಿ. ಸ್ಪಾಟಿಫೈ ಮೈನಸ್ 14 ಲಫ್ಸ್‌ಗೆ (ಕೇಳುವ ಜೋರಿನ ಅಳತೆ) ಹೊಂದಿಸುತ್ತದೆ ಎಂದು ಮಾಸ್ಟರನ್ನೇ ಅಷ್ಟಕ್ಕೆ ಇಳಿಸಬೇಕಿಲ್ಲ. ಮೆಟಲ್‌ಗೆ ಮೈನಸ್ 9ರ ಸುತ್ತ ಇದ್ದರೆ ಸಾಂದ್ರತೆ ಉಳಿಯುತ್ತದೆ. ಅದಕ್ಕಿಂತ ಜೋರು ಮಾಡಿದರೆ ಸ್ನೇರ್ ಚಪ್ಪಟೆ, ಸ್ಪಾಟಿಫೈನಲ್ಲಿ ಹೇಗೂ ವಾಲ್ಯೂಮ್ ಇಳಿಸುತ್ತಾರೆ.

ಬ್ಯಾಕಪ್ ಲೆಕ್ಕ: 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ. 5 ನಿಮಿಷದ ಹಾಡು, 40 ಟ್ರ್ಯಾಕ್ ಎಂದರೆ 1.7 ಜಿಬಿ. ಮಳೆಗಾಲದ ನೆಟ್‌ವರ್ಕಿನಲ್ಲಿ ಅದು ಮೇಲೇರುವುದಿಲ್ಲ. ಡಿಐಗಳನ್ನು ಮಾತ್ರ ಫ್ಲ್ಯಾಕ್ ಫೈಲ್ ಮಾಡಿ ಕಳಿಸಿ, ಗುಣಮಟ್ಟ ಒಂದಿಷ್ಟೂ ಹೋಗದೆ ಗಾತ್ರ ಸುಮಾರು ಅರ್ಧಕ್ಕೆ ಬರುತ್ತದೆ. ಆಂಪ್ ಸೆಟ್ಟಿಂಗ್ ಪ್ರಾಜೆಕ್ಟ್ ಫೈಲಿನಲ್ಲೇ ಇರುತ್ತದೆ, ಆದರೆ ಇಂಪಲ್ಸ್ ಫೈಲ್ ಮತ್ತು ಆಂಪ್ ಮಾಡೆಲ್ ಫೈಲ್‌ಗಳನ್ನು ಅದೇ ಫೋಲ್ಡರಿಗೆ ಕೈಯಾರೆ ನಕಲು ಮಾಡಿ ಹಾಕಬೇಕು. ಎರಡನೇ ಪ್ರತಿ ಯುಎಸ್‌ಬಿ ಡಿಸ್ಕಿನಲ್ಲಿ, ಸಿಲಿಕಾ ಜೆಲ್ ಇರುವ ಮೈಕಿನ ಡಬ್ಬದೊಳಗೆ.